ಜಾಲತಾಣದ ಹೆಸರು ಯಾರ ಸ್ವತ್ತು?

ಚೆನ್ನೈ ಮಹಾನಗರದ ಉತ್ತರ ಸೀಮೆಯಲ್ಲಿ, 1965ರಲ್ಲಿ ಸ್ಥಾಪಿತವಾದ ಮದರಾಸು ತೈಲ ಶುದ್ಧೀಕರಣ ಸಂಸ್ಥೆಯ ಆಸರೆಯಿಂದ ಕೈಗಾರಿಕಾ ಕೇಂದ್ರವಾಗಿ ಬೆಳೆದ ಮಣಲಿಯಲ್ಲಿ, ದೊಡ್ಡ ಕಾರ್ಖಾನೆಗಳ ಮಗ್ಗುಲಲ್ಲೇ ವೆಲ್ಡಿಂಗ್, ಲೇತ್, ಲಾರಿ ಸಾಗಣೆ ಮೊದಲಾದ ಸಣ್ಣ ಉದ್ಯಮಗಳೂ ಬಾಳುತ್ತಿವೆ. ಇಂತಹ ಉದ್ಯಮಿಯೊಬ್ಬನು ತನ್ನ ಕೆಲಸವನ್ನು ದೂರದ ಗಿರಾಕಿಗೆ ತಿಳಿಸಲೆಂದು ಜಾಲತಾಣವನ್ನು ಮಾಡಿಸಹೊರಟಾಗ, ಅದರ ಬಣ್ಣ ಚಿತ್ರಗಳಲ್ಲಿ ತೋರುವ ಆಸಕ್ತಿಯ ಅರ್ಧದಷ್ಟನ್ನಾದರೂ ಅದರ ಹೆಸರಿನಲ್ಲಿ, ಎಂದರೆ ಡೊಮೈನಿನಲ್ಲಿ, ತೋರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಗಣಕಯಂತ್ರಗಳು ಪರಸ್ಪರ ಗುರುತಿಸಿಕೊಳ್ಳುವುದು ಸಂಖ್ಯೆಗಳಿಂದ; ಹೆಸರಿರುವುದು ಮನುಷ್ಯನ ಸೌಕರ್ಯಕ್ಕಾಗಿ. ಅಂತರಜಾಲದ ಶೈಶವದಲ್ಲಿ ಸಮಸ್ತ ಹೆಸರುಗಳ ಪಟ್ಟಿಯೊಂದನ್ನು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಇರಿಸಿ, ಉಳಿದ ಕಡೆಯವರೆಲ್ಲ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಆ ಏಕೈಕ ಪಟ್ಟಿಯನ್ನು ತಿದ್ದಿ ಹಂಚುವುದು ದುಸ್ಸಾಧ್ಯವಾಗಲು, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಗಳು ಆ ಭಾರವನ್ನು ಅನೇಕ ಯಂತ್ರಗಳಿಗೆ ಹಂಚುವ ವ್ಯವಸ್ಥೆಯನ್ನು ರೂಪಿಸಿದರು.

ಹೆಸರನ್ನು ನಾವು ಎಡದಿಂದ ಬಲಕ್ಕೆ ಓದಿದರೂ ಈ ವ್ಯವಸ್ಥೆಯು ಅದನ್ನು ಬಲದಿಂದ ಬಿಡಿಸುತ್ತದೆ. ಹುಬ್ಬಳ್ಳಿಯ ಗಿರಾಕಿಯು ಡಾಟ್ ಇನ್ ಎಂದು ಮುಗಿಯುವ ಮಣಲಿಯ ಹೆಸರೊಂದನ್ನು ಬರೆದನೆನ್ನಿ: ಪ್ರಶ್ನೆಯು ಮೊದಲು ಮೂಲ ಸರ್ವರಿಗೆ ಹೋಗುತ್ತದೆ, ಅದಕ್ಕೆ ಉತ್ತರ ತಿಳಿಯದು, ಆದರೆ ಡಾಟ್ ಇನ್ ವಿಭಾಗವನ್ನು ಬಲ್ಲವರು ಯಾರೆಂಬುದು ತಿಳಿದಿದೆ, ಅವರು ಆ ಉದ್ಯಮದ ಹೆಸರನ್ನು ನೋಡಿಕೊಳ್ಳುವ ಸರ್ವರನ್ನು ತೋರಿಸುತ್ತಾರೆ, ಕಡೆಗೆ ಅದು ಸಂಖ್ಯೆಯನ್ನು ಕೊಡುತ್ತದೆ. ಇಷ್ಟೆಲ್ಲವೂ ಕ್ಷಣಾರ್ಧದಲ್ಲಿ ನಡೆಯುವುದಲ್ಲದೆ, ದೊರೆತ ಉತ್ತರವನ್ನು ದಾರಿಯ ಸರ್ವರುಗಳು ನಿಯತಕಾಲದವರೆಗೆ ನೆನಪಿಟ್ಟುಕೊಳ್ಳುವುದರಿಂದಲೇ, ತಾಣವನ್ನು ಬೇರೆ ಯಂತ್ರಕ್ಕೆ ಸ್ಥಳಾಂತರಿಸಿದಾಗ ಕೆಲವರಿಗೆ ಕೆಲವು ಗಂಟೆಗಳ ಕಾಲ ಹಳೆಯದೇ ಕಾಣುತ್ತಿರುತ್ತದೆ.

ಇದರಿಂದ ಹೆಸರು ಬೇರೆ, ತಾಣ ಬೇರೆ ಎಂಬುದು ಸ್ಪಷ್ಟವಾಗುತ್ತದೆ. ತಾಣದ ಪುಟಗಳು ಬಾಡಿಗೆಯ ಸರ್ವರಿನಲ್ಲಿರುತ್ತವೆ. ಬಾಡಿಗೆಯ ಮನೆಯನ್ನು ಬದಲಿಸುವಂತೆ ಸರ್ವರನ್ನು ಬದಲಿಸಬಹುದು. ಹೆಸರಾದರೋ ನೋಂದಣಿ ಪುಸ್ತಕದಲ್ಲಿ ಯಾರದೆಂದು ದಾಖಲಾಗಿದೆಯೋ ಅವರ ಅಧೀನದಲ್ಲಿರುತ್ತದೆ. ತಾಣ ಕಟ್ಟಿಕೊಡುವವನು ಗಿರಾಕಿಗೆ ಸೌಕರ್ಯವಾಗಲೆಂದು ತನ್ನ ಹೆಸರಿನಲ್ಲೇ ನೋಂದಾಯಿಸುವ ಪದ್ಧತಿಯು, ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೆ ಖಾತೆ ಮಾಡಿಸಿದಷ್ಟೇ ಅಪಾಯಕರವಾದದ್ದು.

ಹೆಸರಿನ ಬೆಲೆಯನ್ನು ನಮ್ಮ ನ್ಯಾಯಾಲಯಗಳೂ ಅಳೆದಿವೆ. ಸತ್ಯಂ ಇನ್ಫೊವೇ ಎಂಬ ಸಂಸ್ಥೆಯು ತನ್ನ ಹೆಸರಿನಿಂದ ಅಕ್ಷರಗಳನ್ನಾಯ್ದು 'ಸಿಫಿ' ಎಂಬ ಪದವನ್ನು ನಿರ್ಮಿಸಿ, 1999ರಲ್ಲಿ ಅದರಿಂದ ಆರಂಭವಾಗುವ ಡೊಮೈನುಗಳನ್ನು ನೋಂದಾಯಿಸಿಕೊಂಡಿತ್ತು. 2001ರಲ್ಲಿ ಇನ್ನೊಂದು ಕಂಪನಿಯು ಅದನ್ನೇ ಹೋಲುವ 'ಸಿಫ್ಫಿನೆಟ್' ಎಂಬುದನ್ನು ನೋಂದಾಯಿಸಿತು. ಸತ್ಯಂ ಸಂಸ್ಥೆಯ ಮೊರೆಯ ಮೇಲೆ ಸಿವಿಲ್ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ತೆರವು ಮಾಡಿತು. 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಡೊಮೈನ್ ಹೆಸರು ಕೇವಲ ವಿಳಾಸವಾಗಿರದೆ ವ್ಯಾಪಾರದ ಗುರುತೂ ಆಗಿದೆ, ವಂಚನೆಯಿಂದ ಇದಕ್ಕೂ ವಾಣಿಜ್ಯಚಿಹ್ನೆಯಂತೆಯೇ ರಕ್ಷಣೆಯುಂಟು ಎಂದು ತೀರ್ಪಿತ್ತು ಮೊದಲಿನ ಆಜ್ಞೆಯನ್ನು ಊರ್ಜಿತಗೊಳಿಸಿತು. ನೋಂದಾಯಿಸುವ ಮುನ್ನ ಸಮಾನ ಹೆಸರು ಉಳ್ಳವರಿದ್ದಾರೆಯೇ ಎಂದು ಶೋಧಿಸಬೇಕಾದ ಕಾರಣ ಇದೇ.

ಭಾರತದ ಡಾಟ್ ಇನ್ ವಿಭಾಗವನ್ನು 2005ರಿಂದ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ನಿರ್ವಹಿಸುತ್ತಿದೆ; ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂದು ಮುಗಿಯುವ ಹೆಸರನ್ನೂ ಪಡೆಯಬಹುದೆಂಬುದು ಸಂತೋಷದ ಸಂಗತಿ. ಆದರೆ ಯಾವ ಹೆಸರೂ ಶಾಶ್ವತವಾದ ಕ್ರಯವಲ್ಲ. ವಾಯಿದೆ ಮುಗಿದೊಡನೆ ನವೀಕರಿಸದಿದ್ದರೆ ಅದು ಮತ್ತೊಬ್ಬರ ಪಾಲಾದೀತು. ಮೈಕ್ರೊಸಾಫ್ಟ್‌ನಂತಹ ಸಂಸ್ಥೆಯೇ 1999ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ಹೆಸರಿನ 35 ಡಾಲರ್ ಶುಲ್ಕವನ್ನು ಕಟ್ಟಲು ಮರೆತು, ಆ ಹೆಸರನ್ನು ಅವಲಂಬಿಸಿದ್ದ ಅದರ ಇಮೇಲ್ ಸೇವೆ ಹಾಟ್‌ಮೇಲ್‌ನ ಬಳಕೆದಾರರು ತೊಂದರೆಗೀಡಾದಾಗ, ಸಂಬಂಧವಿಲ್ಲದ ಪ್ರೋಗ್ರಾಮರೊಬ್ಬರು ಅದನ್ನು ಪಾವತಿ ಮಾಡಿದರು. ಅಂತಹ ಪರೋಪಕಾರಿ ಎಲ್ಲರಿಗೂ ದೊರೆಯುವುದಿಲ್ಲ.

ಆದುದರಿಂದ ತಮ್ಮ ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಯಾವ ಇಮೇಲಿಗೆ ಜೋಡಣೆಯಾಗಿದೆ, ವಾಯಿದೆ ಯಾವ ದಿನಕ್ಕೆ ಮುಗಿಯುತ್ತದೆ ಎಂಬುದನ್ನು ತಾಣವುಳ್ಳ ಓದುಗರು ಇಂದೇ ವಿಚಾರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.