ಬೆಂಕಿಯೊಳಗೆ 27 ಸೆಕೆಂಡ್: ರೇಸ್ ಡ್ರೈವರ್ ಬದುಕಿ ಬಂದಿದ್ದು ಹೇಗೆ?

ಶುರು ಮಾಡೋಕೆ ಮುಂಚೆ ಒಂದು ಕೆಲಸ ಮಾಡಿ. ಫೋನಲ್ಲಿ ಟೈಮರ್ ಇಟ್ಟು 27 ಸೆಕೆಂಡ್ ಸುಮ್ನೆ ಕೂತ್ಕೊಳ್ಳಿ. ತುಂಬಾ ಹೊತ್ತು ಅನ್ಸುತ್ತೆ ಅಲ್ವಾ?

2020ರ ನವೆಂಬರ್ 29. ಬಹ್ರೇನ್ ಗ್ರ್ಯಾಂಡ್ ಪ್ರಿ, ಮೊದಲ ಲ್ಯಾಪ್. ಫಾರ್ಮುಲಾ ಒನ್ ಡ್ರೈವರ್ ರೊಮೇನ್ ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿ.ಮೀ. ವೇಗದಲ್ಲಿ ಲೋಹದ ತಡೆಬೇಲಿಗೆ ಗುದ್ದಿ ಎರಡು ತುಂಡಾಯ್ತು. ಇಂಧನ ಚೆಲ್ಲಿ ಭಗ್ಗನೆ ಹೊತ್ತಿಕೊಳ್ತು. ಗ್ರೋಜಾನ್ ಹೊರಗೆ ಬಂದಿದ್ದು 27 ಸೆಕೆಂಡ್ ಆದ್ಮೇಲೆ.

ಕಾರಲ್ಲೇ ಬೆಂಕಿ ಆರಿಸೋ ಸಾಧನ ಇರುತ್ತಲ್ವಾ? ಇರುತ್ತೆ. ಡ್ರೈವರ್ ಒಳಗಿಂದ ಒತ್ತಬಹುದು, ಸಿಬ್ಬಂದಿ ಹೊರಗಿಂದಲೂ ಚಾಲೂ ಮಾಡಬಹುದು. ಕೆಂಪು ವೃತ್ತದೊಳಗಿನ ‘ಇ’ ಅಕ್ಷರ ಅದರ ಗುರುತು. ಕಾರು ತಲೆಕೆಳಗಾದ್ರೂ ಅದು ಕೆಲಸ ಮಾಡಲೇಬೇಕು. ಆದರೆ ಅದು ಸಣ್ಣ ಸಿಲಿಂಡರ್. ಟ್ಯಾಂಕಿನ ಪೆಟ್ರೋಲೇ ಹೊತ್ತಿ ಉರಿದ್ರೆ ಅದೊಂದನ್ನೇ ನಂಬಿ ಕೂರೋಕಾಗಲ್ಲ.

ಆಗ ಕಾಯೋದು ಬಟ್ಟೆ. ಡ್ರೈವರ್ ಸೂಟ್‌ಗೆ ಬಳಸೋ ನೋಮೆಕ್ಸ್ ಎಂಬ ನೂಲು ನೈಲಾನ್ ಥರ ಕರಗಿ ಮೈಗೆ ಅಂಟಲ್ಲ. ಬಿಸಿ ತಗುಲಿದ್ರೆ ದಪ್ಪಗಾಗಿ ಕಪ್ಪಗೆ ಕರಟುತ್ತೆ. ಪದರಗಳ ನಡುವಿನ ಗಾಳಿ ಬಿಸಿಯನ್ನ ತಡೆಯುತ್ತೆ. ಕೆಳಗೆ ಇನ್ನೊಂದು ಒಳಉಡುಪು, ತಲೆಗೆ ಮುಸುಕು.

ಈಗ ಲೆಕ್ಕ ನೋಡಿ. 2018ರ ಎಫ್‌ಐಎ ಮಾನದಂಡದ ಪ್ರಕಾರ, ಪರೀಕ್ಷೆಯ ಜ್ವಾಲೆಗೆ ಒಡ್ಡಿದಾಗ ಸೂಟ್‌ನ ಒಳಬದಿ 24 ಡಿಗ್ರಿ ಬಿಸಿ ಏರೋಕೆ ಕನಿಷ್ಠ 12 ಸೆಕೆಂಡ್ ಹಿಡಿಯಬೇಕು. ಬೆಲ್ಟ್ ಕಟ್ಟಿ ಕೂತ ಡ್ರೈವರ್ 7 ಸೆಕೆಂಡಲ್ಲಿ ಕಾರಿಂದ ಇಳಿಯೋಕೆ ಆಗಬೇಕು ಅನ್ನೋದೂ ನಿಯಮ. ಅಂದ್ರೆ ಸೂಟ್ ಬೆಂಕಿಯನ್ನ ಗೆಲ್ಲಲ್ಲ. ಓಡಿ ಪಾರಾಗೋಕೆ ಟೈಮ್ ಕೊಡುತ್ತೆ, ಅಷ್ಟೇ.

ಗ್ರೋಜಾನ್‌ಗೆ ಅಷ್ಟು ಸಾಕಾಗಲಿಲ್ಲ. ಎಡಗಾಲು ಸಿಕ್ಕಿಹಾಕಿಕೊಂಡಿತ್ತು. ಶೂ ಅಲ್ಲೇ ಬಿಟ್ಟು ಕಾಲು ಎಳೆದುಕೊಂಡ್ರು. ತಲೆ ಉಳಿಸಿದ್ದು 2018ರಲ್ಲಿ ಕಡ್ಡಾಯವಾದ ‘ಹೇಲೋ’ ಕಮಾನು. ಮೊದಲ ಲ್ಯಾಪಲ್ಲಿ ಎಲ್ಲರ ಹಿಂದೆಯೇ ಬರೋ ಮೆಡಿಕಲ್ ಕಾರಿನ ಡಾಕ್ಟರ್ ಇಯಾನ್ ರಾಬರ್ಟ್ಸ್ ಬೇಲಿ ದಾಟಿಸಿಕೊಂಡ್ರು. ಕೈ ಎರಡೂ ಸುಟ್ಟಿದ್ವು, ಜೀವ ಉಳೀತು.

ಸೂಟ್, ಹೇಲೋ, ಹಿಂದೆ ಬಂದ ಡಾಕ್ಟರ್: ಇದರಲ್ಲಿ ಒಂದೇ ಒಂದು ಇಲ್ದಿದ್ರೂ ಕಥೆ ಬೇರೆ ಆಗಿರೋದು. ಮುಂದಿನ ಸಲ ರೇಸ್ ನೋಡುವಾಗ ಆ ‘ಇ’ ಗುರುತನ್ನ ಹುಡುಕಿ ನೋಡಿ. ಮತ್ತೆ ಸಿಗೋಣ.