ಒಂದು ದಿನದ ಬಾಡಿಗೆ ಉಳಿಸಲು ಹೋಗಿ

ಕಳೆದ ಅಕ್ಟೋಬರಿನಲ್ಲಿ ನಾವು ನಾಲ್ವರು ಹಟ್ಟಿಯಿಂದ ಹಿಮಾಲಯಕ್ಕೆ ಹೋಗಿಬಂದೆವು. ನಾನು, ನನ್ನ ಅಳಿಯ, ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನನ್ನ ಸ್ನೇಹಿತರು ಮತ್ತು ಅವರ ಮಗ. ರಾಯಚೂರಿನಿಂದ ದೆಹಲಿಗೆ ರೈಲು, ಅಲ್ಲಿಂದ ಋಷಿಕೇಶಕ್ಕೆ ಬಸ್ಸು, ಮುಂದೆ ಬಾಡಿಗೆಯ ಎರಡು ಸ್ಕೂಟರುಗಳು. ಹುಡುಗರು ಓಡಿಸುವುದು, ಹಿರಿಯರು ಹಿಂದೆ ಕೂರುವುದು. ಚೋಪ್ತಾ ಎಂಬ ಗಿರಿಧಾಮದಲ್ಲಿ ತಂಗಿ, ನಾಲ್ಕು ಕಿಲೋಮೀಟರಿನಷ್ಟು ಕಾಲ್ದಾರಿ ಏರಿ ತುಂಗನಾಥನ ದರ್ಶನ ಪಡೆಯುವುದು ನಮ್ಮ ಯೋಜನೆ. ಖರ್ಚು ಕಡಿಮೆಯಾಗಬೇಕೆಂಬುದು ಎಲ್ಲರ ಹಟ. ಆ ಹಟದಲ್ಲಿಯೇ ನಾನು ತಪ್ಪಿದೆನು.

ಸ್ಕೂಟರಿನ ಒಂದು ದಿನದ ಬಾಡಿಗೆಯೂ ಒಂದು ರಾತ್ರಿಯ ವಸತಿಯೂ ಉಳಿಯಲೆಂದು, ದಾರಿಯಲ್ಲಿ ಎಲ್ಲಿಯೂ ತಂಗದೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ಘಾಟಿಯನ್ನು ಒಂದೇ ಹಗಲಿನಲ್ಲಿ ಕ್ರಮಿಸಿದೆವು. ಋಷಿಕೇಶ ಸಮುದ್ರಮಟ್ಟದಿಂದ 400 ಮೀಟರ್‌ಗೂ ಕಡಿಮೆ ಎತ್ತರದಲ್ಲಿದೆ. ಚೋಪ್ತಾ ಸುಮಾರು 2,700 ಮೀಟರ್. ಬೆಳಿಗ್ಗೆ ನದೀತೀರದಲ್ಲಿದ್ದ ದೇಹ ಸಂಜೆಗೆ ಎರಡು ಸಾವಿರ ಮೀಟರಿಗೂ ಮೇಲಿತ್ತು. ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು 2,500 ಮೀಟರ್ ದಾಟಿದ ಮೇಲೆ. ಇದನ್ನು ನಾನು ಓದಿ ಬಲ್ಲೆ. ಬಲ್ಲೆನಾದರೂ ಲೆಕ್ಕ ಹಾಕಿದ್ದು ಹಣವನ್ನು ಮಾತ್ರ.

ಸ್ಕೂಟರಿನ ಹಿಂದೆ ಕೂತವರಿಗೆ ಮತ್ತೊಂದು ತೊಂದರೆಯುಂಟು. ಪದೇ ಪದೇ ನಿಲ್ಲಿಸಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ, ಮೂತ್ರವೇಗವನ್ನು ತಡೆದುಕೊಳ್ಳುತ್ತಾರೆ. ಪ್ರಾಣವಹ ಸ್ರೋತಸ್ಸು ಕೆಡುವುದಕ್ಕೆ ಚರಕರು ಹೇಳುವ ಕಾರಣಗಳು ಧಾತುಕ್ಷಯ, ವೇಗಧಾರಣ, ರೂಕ್ಷತೆ, ಹಸಿದಾಗ ಮಾಡುವ ವ್ಯಾಯಾಮ. ನನ್ನ ಸ್ನೇಹಿತರು ಆ ದಿನ ಇವೆಲ್ಲವನ್ನೂ ಒಟ್ಟಿಗೆ ಮಾಡಿದ್ದರು. ಅದರ ಮೇಲೆ ಮೂವತ್ತು ವರ್ಷ ಕಲ್ಲಿನ ದೂಳು ಸೇವಿಸಿದ ಪುಪ್ಪುಸಗಳು. ಅಂಥ ದೂಳಿನಿಂದ ಗಟ್ಟಿಯಾದ ಭಾಗ ಮತ್ತೆ ಮೃದುವಾಗುವುದಿಲ್ಲ. ಊರಿನಲ್ಲಿ ಸುಮ್ಮನಿರುವ ಉಸಿರು ಎತ್ತರದಲ್ಲಿ ಸಾಲದೆ ಹೋಗುತ್ತದೆ.

ರಾತ್ರಿ ಅವರು ಊಟ ಬೇಡವೆಂದರು, ತಲೆನೋವೆಂದರು. ದಾರಿಯ ಆಯಾಸವಿರಬೇಕೆಂದು ಶುಂಠಿಯ ಕಷಾಯ ಕಾಸಿ ಕೊಟ್ಟೆನು. ಶುಂಠಿ ಒಳ್ಳೆಯದೇ, ಶೀತಕ್ಕೂ ಅಗ್ನಿಮಾಂದ್ಯಕ್ಕೂ. ಆದರೆ ಗಾಳಿಯಲ್ಲಿ ಪ್ರಾಣವಾಯುವಿನ ಒತ್ತಡ ತಗ್ಗಿದಾಗ ಅದನ್ನು ತುಂಬಿಕೊಡುವ ಶಕ್ತಿ ನಮ್ಮ ಯಾವ ಕಷಾಯಕ್ಕೂ ಇಲ್ಲವೆಂದು ವೈದ್ಯನಾಗಿ ಸ್ಪಷ್ಟವಾಗಿ ಹೇಳಬೇಕು. ನಡುರಾತ್ರಿ ಕೆಮ್ಮು ಹೆಚ್ಚಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕುಳಿತರು. ಬೆರಳಿಗೆ ಹಾಕುವ ಆಕ್ಸಿಮೀಟರ್ ನನ್ನಲ್ಲಿ 91 ತೋರಿಸುತ್ತಿದ್ದರೆ ಅವರಲ್ಲಿ 79. ಕತ್ತಲೆಯಲ್ಲಿ ಘಾಟಿಯನ್ನು ಸ್ಕೂಟರಿನಲ್ಲಿ ಇಳಿಯುವಂತಿಲ್ಲ. ವಸತಿಯವರು ಒಬ್ಬ ಜೀಪಿನವರನ್ನು ಎಬ್ಬಿಸಿ ಕರೆತಂದರು. ಉಳಿಸಿದ ಬಾಡಿಗೆಯ ಎಷ್ಟೋ ಪಟ್ಟು ಅವರಿಗೆ ಕೊಟ್ಟೆವು.

ಇಳಿಯಬೇಕೆಂದು ಅವರಿಗೆ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದೆ. ಅವರೇ ಏದುಸಿರಿನಲ್ಲಿ ನಕ್ಕು, "ಇಳಿಯೋದು ನನಗೇನ್ ಹೊಸಾದ್ರಿ ಡಾಕ್ಟ್ರ? ಮೂವತ್ತು ವರ್ಷ ದಿನಾ ಇಳಿದೀನಿ" ಎಂದರು.

ಊಖೀಮಠ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಅಲ್ಲಿ ತಲುಪುವಷ್ಟರಲ್ಲಿ ಕೆಮ್ಮು ತಗ್ಗಿತ್ತು, ಬೆಳಗಾಗುವಾಗ ಆಕ್ಸಿಮೀಟರ್ 90ಕ್ಕೆ ಬಂದಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿ, ಮತ್ತೆ ಮೇಲೇರಕೂಡದೆಂದರು. ಪಂಚಪೀಠಗಳಲ್ಲೊಂದಾದ ಕೇದಾರಪೀಠದ ಊರದು. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿಗೆ ಪೂಜೆ ನಡೆಯುವುದೂ ಅಲ್ಲಿನ ಓಂಕಾರೇಶ್ವರ ಮಂದಿರದಲ್ಲಿ. ನಮ್ಮ ಕಡೆಯಿಂದ ಹೋದ ಜಂಗಮರು ಪರಂಪರೆಯಿಂದ ಕೇದಾರನ ಅರ್ಚನೆ ಮಾಡುತ್ತ ಬಂದಿದ್ದಾರೆ. ಮಂದಿರದ ಅಂಗಳದಲ್ಲಿ ಒಬ್ಬರು ಕನ್ನಡದಲ್ಲಿ "ಯಾವೂರ್ರಿ?" ಎಂದಾಗ ಸ್ನೇಹಿತರ ಕಣ್ಣು ತುಂಬಿತು. ಮೂರು ದಿನ ಅಲ್ಲಿಯೇ ಇದ್ದೆವು. ಹುಡುಗರಿಬ್ಬರು ಮಾತ್ರ ತುಂಗನಾಥಕ್ಕೆ ಹೋಗಿಬಂದರು. ನಾನು ಹೋಗಲಿಲ್ಲ, ಮನಸ್ಸಾಗಲಿಲ್ಲ.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡುದನ್ನು ಓದುಗ ಬಂಧುಗಳು ಮರೆತಿರಲಾರರು. ತಂಡದ ಬಹುಪಾಲು ಜನ ಕರ್ನಾಟಕದವರು, ಅನುಭವಿಗಳೂ ಇದ್ದರು. ಅಲ್ಲಿ ಕೊಂದದ್ದು ಚಳಿ. ನಮ್ಮನ್ನು ಹೆದರಿಸಿದ್ದು ಎತ್ತರ. ಎರಡಕ್ಕೂ ಸಮಯವನ್ನು ಕೈಯಲ್ಲಿಟ್ಟುಕೊಂಡೇ ಹೋಗಬೇಕು. ರುದ್ರಪ್ರಯಾಗದಲ್ಲೊಂದು, ಊಖೀಮಠದಲ್ಲೊಂದು ರಾತ್ರಿ ಕಳೆದು ಚೋಪ್ತಾಕ್ಕೆ ಏರಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ನಡೆಯುವಾಗ ಅರ್ಧಶಕ್ತಿಯೇ ಮಿತಿ: ಹಣೆಯಲ್ಲಿ ಬೆವರೊಡೆದು ಬಾಯಿ ಒಣಗತೊಡಗಿದರೆ ನಿಲ್ಲಿರಿ. ತಲೆನೋವು, ವಾಕರಿಕೆ ಬಂದರೆ ಮುಂದೆ ಏರಬೇಡಿ. ಕುಳಿತಲ್ಲಿಯೇ ಉಸಿರು ಸಾಲದಿದ್ದರೆ, ನಡಿಗೆ ತೂರಾಡಿದರೆ ಬೆಳಗಿಗೆ ಕಾಯದೆ ಇಳಿಯಿರಿ. ಎತ್ತರದ ಕಾಯಿಲೆಯನ್ನು ತಡೆಯುವ ಅಲೋಪತಿಯ ಮಾತ್ರೆಯೂ ಇದೆ. ಆ ವೈದ್ಯರನ್ನು ಕೇಳಲು ನನಗೆ ಸಂಕೋಚವಿಲ್ಲ, ನಿಮಗೂ ಬೇಡ.

ಗಣಿಯಲ್ಲಿ ದುಡಿದವರಂತೂ ಹೊರಡುವ ಮೊದಲು ಎದೆಯ ಎಕ್ಸ್‌ರೇಯನ್ನೂ ಉಸಿರಿನ ಪರೀಕ್ಷೆಯನ್ನೂ ಮಾಡಿಸಲೇಬೇಕು. ನನ್ನ ಸ್ನೇಹಿತರಿಗೆ ಇದನ್ನು ಹೇಳಿ ನಾಲ್ಕು ತಿಂಗಳಾಯಿತು. ನಿನ್ನೆ ಚಿಕಿತ್ಸಾಲಯಕ್ಕೆ ಬಂದಿದ್ದರು. ವರದಿ ತಂದಿರಲಿಲ್ಲ. ಈ ವರ್ಷ ಸ್ಕೂಟರಿನ ಬಾಡಿಗೆ ಏರಿದೆಯೇ ಎಂದು ವಿಚಾರಿಸಿ ಹೋದರು.