ನಿಮಗಿದು ಗೊತ್ತೆ? ಅಂಪೈರ್ ಕಾಣದ ಏಟನ್ನು ಕ್ಯಾಮೆರಾ ಕಂಡಿತು

ಫುಟ್‌ಬಾಲ್ ಮೈದಾನದಲ್ಲಿ ನಡೆದ ಹಲ್ಲೆಯೊಂದರ ಚಿತ್ರಸರಣಿಗೆ 1952ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಏಟು ತಿಂದವರು ಜಾನಿ ಬ್ರೈಟ್. ಅಯೋವಾದ ಡ್ರೇಕ್ ವಿಶ್ವವಿದ್ಯಾಲಯದ ಹಾಫ್‌ಬ್ಯಾಕ್. ಅಂದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ನುಗ್ಗುವ ಆಟಗಾರ. ಕಪ್ಪು ವರ್ಣೀಯರು.

1951ರ ಅಕ್ಟೋಬರ್ 20, ಒಕ್ಲಹೋಮಾದ ಸ್ಟಿಲ್‌ವಾಟರ್. ಬ್ರೈಟ್ ಆಗಲೇ ಚೆಂಡನ್ನು ಜೊತೆಗಾರನಿಗೆ ಕೊಟ್ಟು, ಆಟದಿಂದ ದೂರ ನಿಂತಿದ್ದರು. ಎದುರಾಳಿಯಾಗಿದ್ದ ಅಲ್ಲಿನ ವಿಶ್ವವಿದ್ಯಾಲಯ ತಂಡದ ವಿಲ್‌ಬ್ಯಾಂಕ್ಸ್ ಸ್ಮಿತ್ ಓಡಿಬಂದು ಮುಖಕ್ಕೇ ಅಪ್ಪಳಿಸಿದ. ಹೆಲ್ಮೆಟ್ಟಿಗೆ ಮುಖ ಕಾಯುವ ಸರಳುಗಳಿರಲಿಲ್ಲ. ಇಂಥ ಹೊಡೆತಗಳಿಂದ ದವಡೆ ಮುರಿದರೂ ದಂಡ ವಿಧಿಸಿದವರಿಲ್ಲ. ಅಷ್ಟರ ನಡುವೆಯೂ ಬ್ರೈಟ್ ಅಂಕ ತಂದುಕೊಡುವ 61 ಗಜದ ಟಚ್‌ಡೌನ್ ಪಾಸ್ ಎಸೆದರು! ಎದುರಾಳಿಗಳು ಬ್ರೈಟ್ ಮೇಲೆ ಕಣ್ಣಿಟ್ಟಿದ್ದಾರೆಂಬ ಸುದ್ದಿ ಮೊದಲೇ ಹಬ್ಬಿತ್ತು. ಹಾಗಾಗಿ ಡಿ ಮಾಯ್ನ್ ರಿಜಿಸ್ಟರ್ ಪತ್ರಿಕೆಯ ಇಬ್ಬರು ಛಾಯಾಗ್ರಾಹಕರು ಕ್ಯಾಮೆರಾಗಳನ್ನು ಅವರತ್ತಲೇ ತಿರುಗಿಸಿಟ್ಟಿದ್ದರು. ಸ್ಮಿತ್ ಮೇಲೆ ಕ್ರಮ ಜರುಗದಿದ್ದಾಗ ಡ್ರೇಕ್ ತಾನು ಆಡುತ್ತಿದ್ದ ಲೀಗನ್ನೇ ತೊರೆಯಿತು. ಅದು ದಿಟ್ಟ ನಡೆ.

ಅಮೆರಿಕದ ವೃತ್ತಿಪರ ತಂಡ ಫಿಲಡೆಲ್ಫಿಯಾ ಈಗಲ್ಸ್ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲೇ ಆರಿಸಿದರೂ ಬ್ರೈಟ್ ಒಪ್ಪದೆ ಕೆನಡಾಕ್ಕೆ ಹೋದರು. ಎಡ್ಮಂಟನ್ ತಂಡದಲ್ಲಿ 1954ರಿಂದ ಕೆನಡಾದ ಫುಟ್‌ಬಾಲ್ ಚಾಂಪಿಯನ್‌ಶಿಪ್ ಆದ ಗ್ರೇ ಕಪ್ಪನ್ನು ಸತತ ಮೂರು ಬಾರಿ ಗೆದ್ದರು. 1959ರಲ್ಲಿ ಕೆನಡಾದ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ ಮೊದಲ ಕಪ್ಪು ವರ್ಣೀಯರು ಅವರೇ. ಓಟದಲ್ಲಿ ಗಳಿಸಿದ ಗಜಗಳು ಒಟ್ಟು 10,909. ನಿವೃತ್ತರಾದಾಗ ಅದು ಅಲ್ಲಿನ ದಾಖಲೆ. ಮುಂದೆ ಶಾಲಾ ಮುಖ್ಯೋಪಾಧ್ಯಾಯರೂ ಆದರು. 1983ರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯ ವೇಳೆ ಹೃದಯಾಘಾತದಿಂದ ತೀರಿಕೊಂಡರು. ಸ್ಟಿಲ್‌ವಾಟರ್‌ನ ವಿಶ್ವವಿದ್ಯಾಲಯ ಆ ಹಲ್ಲೆಗಾಗಿ ಕ್ಷಮೆ ಕೇಳಿದ್ದು 2005ರಲ್ಲಿ.